ತೋಟದೊಳಗಿನ ‘ನಿನ್ನ ನೀನು ತಿಳಿ’ ಕ್ಯಾಂಪು: ಅರ್ಧ ದುಡ್ಡು ವಸೂಲ್

ಕೊಡಗಿನ ಕಕ್ಕಬ್ಬೆ ಕಡೆ ಒಂದು ಹೋಮ್‌ಸ್ಟೇನಲ್ಲಿ ವೀಕೆಂಡ್ ಕ್ಯಾಂಪ್ ಮಾಡ್ತಾರೆ, ನಿಮ್ಮನ್ನ ನೀವು ತಿಳ್ಕೊಂಡ್ರೆ ಖುಷಿ ತಾನಾಗೇ ಬರುತ್ತೆ ಅಂತ ಪೋಸ್ಟರ್. ಹೆಸರು ಬೇಡ ಬಿಡಿ, ಬೈಯೋದೂ ಇದೆ. ಮಡಿಕೇರಿಯಲ್ಲಿ ಇದ್ಕೊಂಡು ಕಾಫಿ ತೋಟದಲ್ಲಿ ಮಲಗೋಕೆ ದುಡ್ಡು ಕೊಡ್ತೀಯಾ ಅಂತ ಮನೇಲಿ ನಕ್ರು, ಆದ್ರೂ ಚಿಕ್ಕಮ್ಮನ ಮಗಳನ್ನ ಕರ್ಕೊಂಡು ಹೋದೆ.

ಬೆಳಿಗ್ಗೆ ಪೂರ್ತಿ ಪರ್ಸನಾಲಿಟಿ ಟೆಸ್ಟು, INFP, ESTJ ಅಂತೆಲ್ಲಾ ನಾಲ್ಕಕ್ಷರದ ಟೈಪ್ ಕೊಡ್ತಾರಲ್ಲ, ಒಟ್ಟು 16 ಟೈಪು, ಅದೇ. ಕೆಲವು ವಾರ ಬಿಟ್ಟು ಮತ್ತೆ ಮಾಡಿದ್ರೆ ತುಂಬಾ ಜನಕ್ಕೆ ಬೇರೆ ಟೈಪೇ ಬರುತ್ತೆ, ಸೈಕಾಲಜಿ ಓದಿದವ್ರೇ ಇದನ್ನ ಅಷ್ಟಾಗಿ ನಂಬಲ್ಲ. ಪಕ್ಕದಲ್ಲಿದ್ದ ಬೆಂಗಳೂರು ಹುಡುಗ ಮಾತ್ರ ‘ಓ, ಅದಕ್ಕೇ ನಾನು ಯಾರ ಫೋನೂ ಎತ್ತಲ್ಲ’ ಅಂತ ಸಮಾಧಾನ ಮಾಡ್ಕೊಂಡ. ಹೊಸ ಕಾಲದ ಜಾತಕ ಅಷ್ಟೇ.

ದುಡ್ಡು ವಸೂಲಾಗಿದ್ದು ಮಧ್ಯಾಹ್ನ. ಜೋಹಾರಿ ವಿಂಡೋ ಅಂತ, 1955ರಲ್ಲಿ ಅಮೆರಿಕದ ಜೋಸೆಫ್ ಲುಫ್ಟ್, ಹ್ಯಾರಿಂಗ್ಟನ್ ಇಂಗಮ್ ಅನ್ನೋ ಸೈಕಾಲಜಿಸ್ಟ್‌ಗಳು ಮಾಡಿದ್ದು. ಕಿಟಕಿ ಥರ ನಾಲ್ಕು ಚೌಕ: ಎಲ್ಲರಿಗೂ ಗೊತ್ತಿರೋ ನಾವು, ನಮಗೆ ಮಾತ್ರ ಗೊತ್ತಿರೋದು, ಬೇರೆಯವ್ರಿಗೆ ಕಂಡು ನಮಗೆ ಕಾಣದೇ ಇರೋದು, ಯಾರಿಗೂ ಗೊತ್ತಿಲ್ದೇ ಇರೋದು. ಗುಣಗಳ ಪಟ್ಟಿ ಕೊಡ್ತಾರೆ, ನಮಗೆ ಹೊಂದೋದನ್ನ ನಾವು ಟಿಕ್ ಮಾಡ್ಬೇಕು, ಜೊತೆಗಿರೋರೂ ನಮ್ ಬಗ್ಗೆ ಮಾಡ್ತಾರೆ. ನಾನು ಮೊದಲು ಹಾಕಿದ್ದೇ ‘ಶಾಂತ’. ಚಿಕ್ಕಮ್ಮನ ಮಗಳು ಅದನ್ನ ಬಿಟ್ಟು ಉಳಿದಿದ್ದೆಲ್ಲಾ ಟಿಕ್ ಮಾಡಿದ್ಳು. ಯಾಕೇ ಅಂದ್ರೆ, ‘ಶಾಂತ ಎಲ್ಲಿ ಅಕ್ಕ, ಜಗಳ ಬೇಡ ಅಂತ ಎಲ್ಲದಕ್ಕೂ ಹೂಂ ಅಂತೀಯ, ಆಮೇಲೆ ಅಡುಗೆಮನೇಲಿ ಪಾತ್ರೆ ಕುಕ್ತೀಯ.’ ಸುತ್ತ ಕೂತವ್ರೆಲ್ಲಾ ನಕ್ರು, ನನಗೂ ನಗು ಬಂತು, ಸ್ವಲ್ಪ ಕಣ್ಣೀರೂ ಬಂತು ಅನ್ಕೊಳ್ಳಿ. ಒಬ್ಳೇ ಕೂತು ಡೈರಿ ತುಂಬಾ ಬರೆದಿದ್ರೂ ಇದು ಹೊರಗೆ ಬರ್ತಿರ್ಲಿಲ್ಲ. ಒಳಗೆ ನೋಡ್ಕೊಳ್ಳಿ ಅಂತ ಪೋಸ್ಟರಲ್ಲಿ ಹಾಕಿದ್ದಾರೆ, ನನಗೆ ಉಪಯೋಗ ಆಗಿದ್ದು ಹೊರಗಿಂದ ಬಂದ ಮಾತು.

ಆದ್ರೆ ‘ಅಥೆಂಟಿಕ್ ಆಗಿರಿ’ ಅಂತ ಅಷ್ಟು ಹೊತ್ತು ಪಾಠ ಮಾಡಿ ಊಟಕ್ಕೆ ಹಾಕಿದ್ದು ಪನೀರ್ ಬಟರ್ ಮಸಾಲ ಕಣ್ರೀ, ಕಕ್ಕಬ್ಬೆಯಲ್ಲಿ! ಅಡುಗೆಮನೆಗೇ ಹೋಗಿ ಕೇಳಿದ್ಮೇಲೆ ಅಲ್ಲಿದ್ದ ಅಕ್ಕ ತಮಗೆ ಅಂತ ಮಾಡ್ಕೊಂಡಿದ್ದ ಕಡಂಬುಟ್ಟು (ಅಕ್ಕಿ ತರಿ ಉಂಡೆ), ಪಂದಿ ಕರಿ (ಹಂದಿ ಸಾರು) ಕೊಟ್ರು, ಕಾಚಂಪುಳಿ ಅನ್ನೋ ನಮ್ಮ ಕೊಡಗಿನ ಕಪ್ಪು ಹುಳಿ ಬಿದ್ದು ಮಸಾಲೆ ಕಪ್ಪಗಾಗಿ ತುಂಡಿಗೆ ಅಂಟ್ಕೊಂಡಿತ್ತು. ಗೆಸ್ಟ್‌ಗಳಿಗೆ ಹಿಡಿಸಲ್ಲ ಅಂತ ಓನರ್ ಹೇಳಿದ್ದಾರಂತೆ.

ಹೋಗೋದಾದ್ರೆ ನಿಮ್ಮನ್ನ ಚೆನ್ನಾಗಿ ಬಲ್ಲವ್ರು ಯಾರನ್ನಾದ್ರೂ ಕರ್ಕೊಂಡು ಹೋಗಿ, ಒಬ್ರೇ ಹೋದ್ರೆ ಗುರುತಿಲ್ಲದವ್ರು ಸುಮ್ನೆ ‘ಸ್ನೇಹಜೀವಿ’ ಅಂತ ಟಿಕ್ ಮಾಡಿ ಕಳಿಸ್ತಾರೆ. ಮಳೆಗಾಲದಲ್ಲಂತೂ ಬೇಡ, ಧ್ಯಾನಕ್ಕೆ ಹುಲ್ಲಿನ ಮೇಲೆ ಕೂರಿಸ್ತಾರೆ, ಜಿಗಣೆ ಹತ್ತುತ್ತೆ. ಐದಕ್ಕೆ ಮೂರು ಸ್ಟಾರ್, ಅದ್ರಲ್ಲಿ ಒಂದು ಅಡುಗೆಮನೆ ಅಕ್ಕಂಗೆ.