ಸಿಡಬ್ಲ್ಯೂಎನ್‌ಎ ಪರೀಕ್ಷೆಗೆ ಓದೋದು ಹೇಗೆ: ಕ್ಲಾಸು, ವಿಡಿಯೊ, ಇಲ್ಲಾ ಮನೆಯ ಲ್ಯಾಬು?

ಸಿಡಬ್ಲ್ಯೂಎನ್‌ಎ ಅಂದರೆ ವೈಫೈ ನೆಟ್‌ವರ್ಕ್ ಕೆಲಸ ಮಾಡುವವರು ಬರೆಯುವ ಒಂದು ಸರ್ಟಿಫಿಕೇಟ್ ಪರೀಕ್ಷೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಮನೆಯ ಲ್ಯಾಬಿಗೆ. ಒಂದು ದಪ್ಪ ಪುಸ್ತಕ, ಲಿನಕ್ಸ್ ಹಾಕಿದ ಹಳೇ ಲ್ಯಾಪ್‌ಟಾಪ್, ಸೆಕೆಂಡ್ ಹ್ಯಾಂಡ್ ಆಕ್ಸೆಸ್ ಪಾಯಿಂಟ್ (ವೈಫೈ ಸಿಗ್ನಲ್ ಕೊಡುವ ಡಬ್ಬ), ಒಂದು ಯುಎಸ್‌ಬಿ ವೈಫೈ ಅಡಾಪ್ಟರ್. ನಾನು ಪಾಸಾಗಿದ್ದು ಇಷ್ಟರಲ್ಲೇ. ಅದಕ್ಕೂ ಮೊದಲು 22 ಸಾವಿರ ರೂಪಾಯಿ ಕಟ್ಟಿ ಕ್ಲಾಸಿಗೆ ಹೋಗಿದ್ದೆ. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆ ಉರಿಯುತ್ತದೆ. ಹಾಗಾಗಿ ಈ ಹೋಲಿಕೆಯಲ್ಲಿ ಸ್ವಲ್ಪ ಪಕ್ಷಪಾತ ಇರುತ್ತದೆ, ಸಹಿಸಿಕೊಳ್ಳಿ.

ನನ್ನ ಕೆಲಸ ವೈಫೈ ಸಪೋರ್ಟ್. ಫ್ಯಾಕ್ಟರಿ, ಹಾಸ್ಟೆಲ್, ಒಂದೆರಡು ಕಲ್ಯಾಣ ಮಂಟಪ. ಆರು ವರ್ಷ ‘ಒಂದು ಸಲ ಆಫ್ ಮಾಡಿ ಆನ್ ಮಾಡಿ ಸಾರ್’ ಅಂತ ಹೇಳಿಯೇ ಸಂಬಳ ತಗೊಂಡಿದ್ದೇನೆ. ಡಿಸೈನ್ ಟೀಮಿಗೆ ಹೋಗಬೇಕಾದರೆ ಸರ್ಟಿಫಿಕೇಟ್ ಬೇಕು ಅಂದರು. ಸಿಡಬ್ಲ್ಯೂಎನ್‌ಎ ಯಾವ ಕಂಪನಿಯ ಸಾಮಾನಿಗೂ ಕಟ್ಟುಬಿದ್ದದ್ದಲ್ಲ. ರೇಡಿಯೊ ಅಲೆ, ಆಂಟೆನಾ, 802.11 (ವೈಫೈ ಪಾಲಿಸುವ ನಿಯಮಗಳ ಕಟ್ಟು) ಹೇಗೆ ನಡೆಯುತ್ತದೆ ಅನ್ನೋದನ್ನೇ ಕೇಳುತ್ತಾರೆ. 90 ನಿಮಿಷ, 60 ಪ್ರಶ್ನೆ, ಪಾಸಾಗಲು ನೂರಕ್ಕೆ 70. ಸರ್ಟಿಫಿಕೇಟ್ ಮೂರು ವರ್ಷ ನಡೆಯುತ್ತದೆ. ಉಳಿದದ್ದು ಪರೀಕ್ಷೆ ನಡೆಸುವವರ ಸೈಟಿನಲ್ಲೇ ಇದೆ.

ಕ್ಲಾಸಿನ ಕಥೆ ಮೊದಲು. ಬೆಂಗಳೂರಿನಲ್ಲಿ ಎಂಟು ಭಾನುವಾರ. ಹೆಸರು ಬೇಡ. ಮೇಷ್ಟ್ರು ಒಳ್ಳೆಯವರು, ಒಂದು ದೊಡ್ಡ ಕಂಪನಿಯ ಕಂಟ್ರೋಲರ್ (ಹಲವು ಆಕ್ಸೆಸ್ ಪಾಯಿಂಟ್‌ಗಳನ್ನು ಒಂದೇ ಕಡೆಯಿಂದ ನಡೆಸುವ ಯಂತ್ರ) ಅವರಿಗೆ ನೀರು ಕುಡಿದಷ್ಟು ಸಲೀಸು. ತೊಂದರೆಯೂ ಅಲ್ಲೇ ಇದ್ದದ್ದು. ಅರ್ಧ ಕ್ಲಾಸು ಆ ಕಂಪನಿಯ ಮೆನುವಿನಲ್ಲಿ ಎಲ್ಲಿ ಒತ್ತಬೇಕು ಅನ್ನೋದರಲ್ಲೇ ಹೋಯಿತು. ಹನ್ನೆರಡು ಜನಕ್ಕೆ ಇದ್ದದ್ದು ಒಂದೇ ಆಕ್ಸೆಸ್ ಪಾಯಿಂಟ್. ಸ್ಲೈಡುಗಳು ಪರೀಕ್ಷೆಯ ಹಳೇ ಆವೃತ್ತಿಯವು. ನಾನು ಬರೆಯಬೇಕಿದ್ದದ್ದು 109, ಸ್ಲೈಡಿನ ಮೂಲೆಯಲ್ಲಿ ಇದ್ದದ್ದು 108. ವೈಫೈಗೆ 2.4, 5ರ ಜೊತೆ ಹೊಸದಾಗಿ ಸೇರಿದ ರೇಡಿಯೊ ಪಟ್ಟಿ 6 ಗಿಗಾಹರ್ಟ್ಸ್. ಅದರ ಬಗ್ಗೆ ಎರಡೇ ಸ್ಲೈಡ್. ಕೇಳಿದರೆ ‘ಅಷ್ಟೇ ಸಾಕು’ ಅಂದರು. ಕಾಫಿ ಮಾತ್ರ ಚೆನ್ನಾಗಿತ್ತು.

ಒಂದು ಮಾತು ಒಪ್ಪಿಕೊಳ್ಳಬೇಕು. ಡೆಸಿಬೆಲ್ ಲೆಕ್ಕ ನನ್ನ ತಲೆಗೆ ಹತ್ತಿದ್ದು ಆ ಕ್ಲಾಸಿನಲ್ಲೇ. ಮೂರು ಡೆಸಿಬೆಲ್ ಕೂಡಿದರೆ ಪವರ್ ಎರಡರಷ್ಟು, ಹತ್ತು ಕೂಡಿದರೆ ಹತ್ತರಷ್ಟು, ಕಳೆದರೆ ಇದರ ಉಲ್ಟಾ. 100 ಮಿಲಿವ್ಯಾಟ್ ಅಂದರೆ 20 ಡಿಬಿಎಂ (ಒಂದು ಮಿಲಿವ್ಯಾಟ್‌ಗೆ ಹೋಲಿಸಿದ ಡೆಸಿಬೆಲ್). ಕೇಬಲ್‌ನಲ್ಲಿ 3 ಹೋಯಿತು, 17. ಆಂಟೆನಾ 9 ಕೊಟ್ಟಿತು, 26. 20ಕ್ಕೆ 100, 23ಕ್ಕೆ 200, 26ಕ್ಕೆ 400 ಮಿಲಿವ್ಯಾಟ್. ಮೇಷ್ಟ್ರು ಇದನ್ನು ಕಿರಾಣಿ ಅಂಗಡಿಯ ಚೀಟಿ ಲೆಕ್ಕದ ಹಾಗೆ ಬೋರ್ಡ್ ಮೇಲೆ ಒಂದರ ಕೆಳಗೊಂದು ಬರೆದು ತೋರಿಸಿದರು. ಆಮೇಲೆ ನಾನು ಲಾಗರಿದಂ ಮುಟ್ಟಲೇ ಇಲ್ಲ. ಆದರೆ ಇಷ್ಟಕ್ಕೆ 22 ಸಾವಿರ ಜಾಸ್ತಿ ಅಲ್ವಾ?

ವಿಡಿಯೊ ಕೋರ್ಸು: ಎರಡು ತಿಂಗಳು ಚಂದಾ ಕಟ್ಟಿದೆ, ದುಡ್ಡು ಡಾಲರ್‌ನಲ್ಲಿ ಹೋಗುತ್ತದೆ. ಆಂಟೆನಾದಿಂದ ಅಲೆ ಯಾವ ಕಡೆ ಹೇಗೆ ಹರಡುತ್ತದೆ ಅನ್ನೋದಕ್ಕೆ ಇದಕ್ಕಿಂತ ಒಳ್ಳೆಯದು ಇಲ್ಲ, ಚಿತ್ರ ಕಣ್ಣೆದುರು ತಿರುಗುತ್ತದೆ. ಉಳಿದ ಪಾಠಗಳಿಗೆ ನಾನು ನಿದ್ದೆ ಹೋದೆ. ರಾತ್ರಿ ಪಾಳಿ ಮುಗಿಸಿ ಬಂದವನಿಗೆ ಯಾರೋ ಮೆಲ್ಲಗೆ ಮಾತಾಡುತ್ತಿದ್ದರೆ ಇನ್ನೇನಾಗುತ್ತದೆ? ನಿಮಗೆ ಬಸ್ಸಿನಲ್ಲಿ, ಮೆಟ್ರೋದಲ್ಲಿ ದಿನಾ ಒಂದು ಗಂಟೆ ಸಿಗುತ್ತದಾದರೆ ಇದೇ ಒಳ್ಳೆಯದಿರಬಹುದು. ನಾನು ಸ್ಕೂಟರ್‌ನವನು.

ಪ್ರಶ್ನೆ ಕದ್ದು ಮಾರುವ ಪಿಡಿಎಫ್‌ಗಳು: ಬೇಡ. ಸಿಕ್ಕಿಬಿದ್ದರೆ ಸರ್ಟಿಫಿಕೇಟೇ ಹೋಗುತ್ತದೆ.

ಈಗ ಮನೆಯ ಲ್ಯಾಬು. ಪುಸ್ತಕದಲ್ಲಿ ಒಂದು ಅಧ್ಯಾಯ ಓದಬೇಕು, ಆಮೇಲೆ ಅದೇ ವಿಷಯವನ್ನು ಗಾಳಿಯಲ್ಲಿ ಹಿಡಿದು ನೋಡಬೇಕು. ಗಾಳಿಯಲ್ಲಿ ಹಾರಾಡುವ ಫ್ರೇಮುಗಳನ್ನು (ವೈಫೈ ಕಳಿಸುವ ಮಾಹಿತಿಯ ತುಂಡುಗಳನ್ನು) ವೈರ್‌ಶಾರ್ಕ್ ಅನ್ನೋ ಸಾಫ್ಟ್‌ವೇರ್ ತೋರಿಸುತ್ತದೆ, ಅದಕ್ಕೆ ದುಡ್ಡಿಲ್ಲ. ಆದರೆ ನಿಮ್ಮ ವೈಫೈ ಕಾರ್ಡು ‘ಮಾನಿಟರ್ ಮೋಡ್’ಗೆ ಹೋಗಬೇಕು. ಮಾಮೂಲಿಯಾಗಿ ಕಾರ್ಡು ತನಗೆ ಬಂದ ಕಾಗದ ಮಾತ್ರ ಒಡೆದು ಓದುತ್ತದೆ. ಮಾನಿಟರ್ ಮೋಡ್‌ನಲ್ಲಿ ಆ ಚಾನೆಲ್‌ನಲ್ಲಿ ಹೋಗುವ ಎಲ್ಲರ ಲಕೋಟೆಯೂ ಕಾಣುತ್ತದೆ. ಪರೀಕ್ಷೆಯಲ್ಲಿ ಕೇಳೋದು ಈ ಲಕೋಟೆಯ ಬಗ್ಗೆಯೇ.

ನಾನು ಸಿಕ್ಕಿಹಾಕಿಕೊಂಡದ್ದು ಇಲ್ಲಿ. ಎಲ್ಲರೂ ಹೊಗಳುವ ಒಂದು ಯುಎಸ್‌ಬಿ ಅಡಾಪ್ಟರ್ ಮಾಡೆಲ್ ಇದೆ. ಎಸ್.ಪಿ. ರೋಡಿಗೆ ಹೋಗಿ ಅದನ್ನೇ ತಂದೆ. ಡಬ್ಬ ಸರಿ, ಮಾಡೆಲ್ ನಂಬರ್ ಸರಿ, ಆಂಟೆನಾ ಸರಿ. ಮನೆಗೆ ಬಂದು ಚುಚ್ಚಿದೆ. ಇಂಟರ್‌ನೆಟ್ ಬಂತು. ಮಾನಿಟರ್ ಮೋಡ್ ಮಾತ್ರ ಇಲ್ಲ. ವೈರ್‌ಶಾರ್ಕ್ ತೆರೆದರೆ ಎಲ್ಲ ಫ್ರೇಮೂ ‘ಈಥರ್‌ನೆಟ್’ ಅಂತ ಬರುತ್ತಿದೆ. ‘ನಾನಿಲ್ಲಿದ್ದೇನೆ’ ಅಂತ ಆಕ್ಸೆಸ್ ಪಾಯಿಂಟ್ ಸಾರುವ ಬೀಕನ್ ಇಲ್ಲ, ‘ತಲುಪಿತು’ ಅನ್ನುವ ಆಕ್ ಇಲ್ಲ, ಏನೂ ಇಲ್ಲ. ನಾನು ವೈಫೈ ಓದಲು ಕೂತಿದ್ದೇನೆ, ಇದು ನನಗೆ ತಂತಿಯ ನೆಟ್‌ವರ್ಕ್ ತೋರಿಸುತ್ತಿದೆ!

ಎರಡು ದಿನ ನನ್ನದೇ ತಪ್ಪು ಅಂದುಕೊಂಡೆ. ಲಿನಕ್ಸ್ ಮತ್ತೆ ಹಾಕಿದೆ. ಯಾರೋ ಬರೆದಿಟ್ಟ ಡ್ರೈವರ್ (ಅಡಾಪ್ಟರ್ ನಡೆಸುವ ಸಾಫ್ಟ್‌ವೇರ್) ತಂದು ಕಂಪೈಲ್ ಮಾಡಿದೆ. ಅದು ನಡೆಯಿತು ಕೂಡ, ಒಂದು ವಾರ. ಆಮೇಲೆ ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಅಪ್‌ಡೇಟ್ ಬಂತು, ಡ್ರೈವರ್ ಮುರಿದುಬಿತ್ತು. ಮತ್ತೆ ಕಂಪೈಲ್. ಈ ಸಲ ಮಾನಿಟರ್ ಮೋಡ್ ಬಂದರೂ ಹತ್ತು ನಿಮಿಷಕ್ಕೊಮ್ಮೆ ಅಡಾಪ್ಟರ್ ಸುಮ್ನೆ ಮಲಗಿಬಿಡುತ್ತಿತ್ತು. ಕಿತ್ತು ಚುಚ್ಚಬೇಕು. ಬೆಳಿಗ್ಗೆ ಐದರಿಂದ ಏಳು ನನ್ನ ಓದಿನ ಹೊತ್ತು. ಆ ಎರಡು ಗಂಟೆಯಲ್ಲಿ ಒಂದು ಗಂಟೆ ಡ್ರೈವರ್‌ಗೇ ಹೋಗುತ್ತಿತ್ತು. ಹೀಗೆ ಮೂರು ವಾರ.

ಕೊನೆಗೆ ಎಲ್‌ಎಸ್‌ಯುಎಸ್‌ಬಿ (lsusb) ಅಂತ ಟೈಪ್ ಮಾಡಿ ಅಡಾಪ್ಟರ್ ಒಳಗಿನ ಚಿಪ್ ಯಾವುದು ನೋಡಿದೆ. ಆಗ ಗೊತ್ತಾಯಿತು. ಆ ಮಾಡೆಲ್‌ನ ಮೊದಲ ಆವೃತ್ತಿಯಲ್ಲಿ ಅಥೆರೋಸ್ ಎಆರ್ 9271 ಚಿಪ್ ಇತ್ತು, ಜನ ಹೊಗಳಿದ್ದು ಅದನ್ನು. ಆಮೇಲಿನ ಆವೃತ್ತಿಗಳಲ್ಲಿ ಬೇರೆ ಚಿಪ್. ಹೆಸರು ಅದೇ, ಪ್ಲಾಸ್ಟಿಕ್ ಅದೇ. ಡಬ್ಬದ ಹಿಂದೆ, ಸೀರಿಯಲ್ ನಂಬರ್ ಪಕ್ಕ, ಇರುವೆಯಷ್ಟು ಅಕ್ಷರದಲ್ಲಿ ಆವೃತ್ತಿ ಸಂಖ್ಯೆ ಇರುತ್ತದೆ. ನಾನು ಅದನ್ನು ನೋಡೇ ಇರಲಿಲ್ಲ. ಅಂಗಡಿಗೆ ವಾಪಸ್ ಹೋದೆ. ‘ಡಬ್ಬ ಒಂದೇ, ಮಾಡೆಲ್ ಒಂದೇ, ಇಂಟರ್‌ನೆಟ್ ಬರ್ತಿದೆ ತಾನೆ? ಇನ್ನೇನು ಸಾರ್ ನಿಮ್ಮ ಪ್ರಾಬ್ಲಂ?’ ಅಂದ ಹುಡುಗ. ಅವನ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ.

ಆದ್ದರಿಂದ ಕೊಳ್ಳುವಾಗ ಮಾಡೆಲ್ ನೋಡಬೇಡಿ, ಚಿಪ್ ನೋಡಿ. ಎಆರ್ 9271 ಇದ್ದರೆ ಡ್ರೈವರ್ ಲಿನಕ್ಸ್ ಕರ್ನಲ್ ಒಳಗೇ ಇದೆ, ಚುಚ್ಚಿದರೆ ಸಾಕು. ಆದರೆ ಅದಕ್ಕೆ 2.4 ಗಿಗಾಹರ್ಟ್ಸ್ ಮಾತ್ರ ಕೇಳಿಸುತ್ತದೆ. 5 ಗಿಗಾಹರ್ಟ್ಸ್ ಕೂಡ ಬೇಕು ಅಂದರೆ ಮೀಡಿಯಾಟೆಕ್ ಎಂಟಿ 7612ಯು ಚಿಪ್ ಇರುವುದನ್ನು ಹುಡುಕಿ. ಅದರ ಡ್ರೈವರ್ 4.19ನೇ ಕರ್ನಲ್‌ನಿಂದ ಒಳಗೇ ಇದೆ. ನಾನು ಕೊನೆಗೆ ತಗೊಂಡದ್ದು ಇದೇ. ನಿಮ್ಮ ಹತ್ತಿರ ಮ್ಯಾಕ್ ಇದ್ದರೆ ಈ ರಗಳೆಯೇ ಇಲ್ಲ. ಆಪ್ಷನ್ ಕೀ ಒತ್ತಿಕೊಂಡು ವೈಫೈ ಚಿಹ್ನೆ ಒತ್ತಿ, ವೈರ್‌ಲೆಸ್ ಡಯಾಗ್ನಾಸ್ಟಿಕ್ಸ್ ತೆರೆದು, ವಿಂಡೋ ಮೆನುವಿನಲ್ಲಿ ಸ್ನಿಫರ್ ಆರಿಸಿದರೆ ಆಯಿತು. ನನ್ನ ಸಹೋದ್ಯೋಗಿಯೊಬ್ಬಳು ಎರಡು ನಿಮಿಷದಲ್ಲಿ ಮಾಡಿ ತೋರಿಸಿದಾಗ ನನ್ನ ಮುಖ ನೋಡಬೇಕಿತ್ತು.

ಹೊಸ ಅಡಾಪ್ಟರ್ ಬಂದ ಬೆಳಿಗ್ಗೆ ಚಾನೆಲ್ 6ಕ್ಕೆ ಹಾಕಿ ಕೂತೆ. ಬೀಕನ್‌ಗಳು ಮಳೆ ಹನಿಯ ಹಾಗೆ ಸುರಿಯತೊಡಗಿದವು. ಒಂದನ್ನು ಬಿಚ್ಚಿ ನೋಡಿದರೆ ಬೀಕನ್ ಅಂತರ 0.102400 ಸೆಕೆಂಡ್ ಅಂತ ಇತ್ತು. ಪುಸ್ತಕದಲ್ಲಿ ‘100 ಟೈಮ್ ಯುನಿಟ್, ಒಂದು ಯುನಿಟ್‌ಗೆ 1024 ಮೈಕ್ರೋಸೆಕೆಂಡ್’ ಅಂತ ಮೂರು ಸಲ ಓದಿ ಮೂರು ಸಲ ಮರೆತಿದ್ದೆ. ಆ ಸೊನ್ನೆ ಪಾಯಿಂಟ್ ಒಂದು ಸೊನ್ನೆ ಎರಡು ನಾಲ್ಕನ್ನು ಕಣ್ಣಾರೆ ನೋಡಿದ ಮೇಲೆ ಮರೆಯಲಿಲ್ಲ.

ನಮ್ಮ ಅಪಾರ್ಟ್‌ಮೆಂಟ್ ಅಂತೂ ಒಂದು ಪ್ರಯೋಗಾಲಯ. 2.4ರಲ್ಲಿ ಒಂದಕ್ಕೊಂದು ತಾಗದ ಚಾನೆಲ್ ಅಂದರೆ 1, 6, 11. ಕೆಳಗಿನ ಮನೆಯವರ ರೌಟರ್ 3ರಲ್ಲಿ ಕೂತಿತ್ತು, 1ಕ್ಕೂ ತೊಂದರೆ, 6ಕ್ಕೂ ತೊಂದರೆ. ಇನ್ನೊಬ್ಬರು 13ರಲ್ಲಿ. ನಮ್ಮಲ್ಲಿ 2400ರಿಂದ 2483.5 ಮೆಗಾಹರ್ಟ್ಸ್‌ವರೆಗೆ ಲೈಸೆನ್ಸ್ ಬೇಡ, ಹಾಗಾಗಿ 13 ನಡೆಯುತ್ತದೆ. ಅಮೆರಿಕದ ಉದಾಹರಣೆಗಳು 11ಕ್ಕೇ ನಿಲ್ಲುತ್ತವೆ. ಅಭ್ಯಾಸ ಪ್ರಶ್ನೆ ಬಿಡಿಸುವಾಗ ಇದು ನೆನಪಿರಲಿ.

ನಾನು ಅಡುಗೆ ಮನೆ ಪಕ್ಕದಲ್ಲೇ ಕೂರೋದು. ಹೆಂಡತಿ ಮೈಕ್ರೋವೇವ್‌ನಲ್ಲಿ ರಾತ್ರಿಯ ಸಾರು ಬಿಸಿಗಿಟ್ಟಳು. ಮೈಕ್ರೋವೇವ್ ಕೂಡ ನಡೆಯೋದು 2.4ರಲ್ಲೇ. ಪರದೆಯಲ್ಲಿ ರೀಟ್ರೈ ಬಿಟ್ (‘ಇದು ಮತ್ತೆ ಕಳಿಸಿದ್ದು’ ಅನ್ನುವ ಗುರುತು) ಇರುವ ಫ್ರೇಮುಗಳು ಒಮ್ಮೆಲೇ ಸಾಲುಗಟ್ಟಿದವು. ಒಲೆ ‘ಟಿಂಗ್’ ಅಂದ ಕೂಡಲೇ ಕಡಿಮೆಯಾದವು. ‘ಇನ್ನೊಂದು ಸಲ ಬಿಸಿ ಮಾಡು’ ಅಂದೆ. ‘ಕುದಿಯೋ ಸಾರನ್ನ ಇನ್ನೇನು ಬಿಸಿ ಮಾಡೋದು, ನೀವು ಮೊದಲು ಸ್ನಾನ ಮಾಡಿ’ ಅಂದಳು.

ನಾಲ್ಕು ಹೆಜ್ಜೆಯ ಹ್ಯಾಂಡ್‌ಶೇಕ್ (ಫೋನೂ ಆಕ್ಸೆಸ್ ಪಾಯಿಂಟೂ ಸೇರಿ ಗುಟ್ಟಿನ ಕೀ ಮಾಡಿಕೊಳ್ಳುವ ಮಾತುಕತೆ) ಕೂಡ ಹೀಗೇ ಕಲಿತೆ. ಫೋನಿನಲ್ಲಿ ನನ್ನ ನೆಟ್‌ವರ್ಕ್ ಮರೆಸಿ ಮತ್ತೆ ಸೇರಿಸಿದರೆ ನಾಲ್ಕೇ ನಾಲ್ಕು ಫ್ರೇಮು ಬರುತ್ತವೆ. ಯಾವುದರಲ್ಲಿ ಯಾರ ನಾನ್ಸ್ (ಒಂದೇ ಸಲ ಬಳಸುವ ಸಂಖ್ಯೆ), ಎಲ್ಲರಿಗೂ ಒಟ್ಟಿಗೆ ಕಳಿಸುವುದಕ್ಕೆ ಬೇಕಾದ ಗುಂಪಿನ ಕೀ ಮೂರನೆಯದರಲ್ಲಿ ಬರುತ್ತದೆ, ಎಲ್ಲಾ ಬೆರಳಿಟ್ಟು ನೋಡಬಹುದು. ಆದರೆ ನಿಮ್ಮ ಸ್ವಂತ ನೆಟ್‌ವರ್ಕ್‌ನಲ್ಲೇ ಮಾಡಿ. ಪಕ್ಕದ ಮನೆಯವರದ್ದನ್ನು ಬಿಡಿಸಲು ಹೋಗಬೇಡಿ.

ಲ್ಯಾಬಿನಿಂದ ಎಲ್ಲವೂ ಬರುವುದಿಲ್ಲ. 6 ಗಿಗಾಹರ್ಟ್ಸ್ ಹಿಡಿಯುವ ಸಾಮಾನು ನನ್ನ ಹತ್ತಿರ ಇರಲಿಲ್ಲ, ಅದನ್ನು ಪುಸ್ತಕದಿಂದ ಉರು ಹೊಡೆದೆ. ಸೈಟ್ ಸರ್ವೆ (ಜಾಗದಲ್ಲಿ ಓಡಾಡಿ ಸಿಗ್ನಲ್ ಅಳೆಯುವುದು) ಪ್ರಶ್ನೆಗಳಿಗೆ ಕೆಲಸದ ಅನುಭವ ಸಾಕಾಯಿತು. ಅಭ್ಯಾಸ ಪರೀಕ್ಷೆಗಳನ್ನು ಮಾತ್ರ ದುಡ್ಡು ಕೊಟ್ಟೇ ತಗೊಳ್ಳಿ. ತಪ್ಪಿದ್ದಕ್ಕೆ ವಿವರಣೆ ಇರುವಂಥದ್ದು. ನಾನು ಮೊದಲ ಸಲ ನೂರಕ್ಕೆ 58 ತೆಗೆದದ್ದು ಅದರಲ್ಲಿ, ಕ್ಲಾಸು ಮುಗಿಸಿದ ಮರುದಿನ.

ಒಟ್ಟು ಲೆಕ್ಕ: ಪುಸ್ತಕ, ಎರಡು ಅಡಾಪ್ಟರ್, ಹಳೇ ಆಕ್ಸೆಸ್ ಪಾಯಿಂಟ್, ಅಭ್ಯಾಸ ಪರೀಕ್ಷೆ ಸೇರಿ 13 ಸಾವಿರದ ಒಳಗೆ ಮುಗಿಯಿತು. ಪರೀಕ್ಷೆ ಫೀಸು ಬೇರೆ. ನಿಮ್ಮ ಆಫೀಸಿನವರೇ ಕ್ಲಾಸಿನ ದುಡ್ಡು ಕೊಡುತ್ತಾರೆ, ಒಬ್ಬರೇ ಕೂತು ಓದುವ ಅಭ್ಯಾಸ ನಿಮಗಿಲ್ಲ ಅಂದರೆ ಕ್ಲಾಸಿಗೇ ಹೋಗಿ. ಸೇರುವ ಮುನ್ನ ಸ್ಲೈಡಿನ ಮೂಲೆಯ ನಂಬರ್ ಒಂದು ನೋಡಿಬಿಡಿ. ಕೈಯಿಂದ ಖರ್ಚು ಮಾಡುವವರು, ಬೆಳಿಗ್ಗೆ ಬೇಗ ಏಳುವವರು, ಏನನ್ನಾದರೂ ಬಿಚ್ಚಿ ನೋಡದೆ ನಿದ್ದೆ ಬರದವರು ಲ್ಯಾಬು ಕಟ್ಟಿ.

ಆ ಮೊದಲ ಅಡಾಪ್ಟರನ್ನು ಶಿವಮೊಗ್ಗದಲ್ಲಿ ಅಪ್ಪನ ಹಳೇ ಕಂಪ್ಯೂಟರ್‌ಗೆ ಹಾಕಿ ಬಂದಿದ್ದೇನೆ. ದಿನಾ ಬೆಳಿಗ್ಗೆ ಪೇಪರ್ ಓದುತ್ತಾರೆ. ಇಲ್ಲಿವರೆಗೆ ಒಂದು ಸಲವೂ ನಿಂತಿಲ್ಲವಂತೆ.