ಮೂರು ದಾರಿ, ಒಂದು ಗಿಟಾರ್: ಯಾವ ಕಾರ್ಡ್ ಮೊದಲು?

ಒಂದು ಹಾಡು ನುಡಿಸೋಕೆ ಎಷ್ಟು ಕಾರ್ಡ್ (ಒಟ್ಟಿಗೆ ಮೀಟುವ ಸ್ವರಗಳ ಗುಂಪು) ಗೊತ್ತಿರಬೇಕು? ಎರಡು ಸಾಕು. ಈ ಮಾತನ್ನು ಐದು ವರ್ಷದ ಹಿಂದೆ ಯಾರಾದರೂ ನನಗೆ ಹೇಳಿದ್ದರೆ ಎಷ್ಟು ಚೆನ್ನಾಗಿತ್ತು. ಆಗ ನಾನು 24 ಕಾರ್ಡ್‌ಗಳ ಚಾರ್ಟ್ ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿದ್ದೆ. 12 ಮೇಜರ್, 12 ಮೈನರ್. ದಿನಕ್ಕೊಂದು ಕಲಿತು ತಿಂಗಳೊಳಗೆ ಮುಗಿಸುವ ಲೆಕ್ಕ. ಒಂಬತ್ತನೇ ದಿನಕ್ಕೆ ಎಫ್ ಬಂತು. ತೋರುಬೆರಳೊಂದರಲ್ಲೇ ಆರೂ ತಂತಿ ಅದುಮಿ ಹಿಡಿಯಬೇಕಾದ ಕಾರ್ಡ್ ಅದು. ನಾಲ್ಕು ದಿನ ಒತ್ತಿದರೂ ಸ್ವರ ಬರಲಿಲ್ಲ. ಗಿಟಾರ್ ಅಟ್ಟ ಸೇರಿತು. ಬೆರಳು ನೋವಾಗಿದ್ದಕ್ಕಿಂತ, ಅಷ್ಟು ದಿನದಲ್ಲಿ ಒಂದೇ ಒಂದು ಹಾಡನ್ನೂ ನುಡಿಸಿರಲಿಲ್ಲ ಅನ್ನೋದೇ ನನಗೆ ಹೆಚ್ಚು ಬೇಜಾರು ತಂದಿತ್ತು.

ಕಳೆದ ಮಳೆಗಾಲದಲ್ಲಿ ಎಂಟನೇ ಕ್ಲಾಸಿನ ಮಗಳು ಅದನ್ನು ಅಟ್ಟದಿಂದ ಇಳಿಸಿದಳು. ಚಿಕ್ಕಮಗಳೂರಿನಲ್ಲಿ ಜೂನ್ ಮಳೆ ಹಿಡಿದ ಮೇಲೆ ಸಂಜೆ ಹೊರಗೆ ಸುತ್ತಾಡುವ ಮಾತಿಲ್ಲ. ನಾನು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕಪತ್ರ ನೋಡಿಕೊಳ್ಳುವವನು. ಮಳೆಗಾಲದಲ್ಲಿ ಕೆಲಸ ಸ್ವಲ್ಪ ಕಡಿಮೆ, ಬೇಗ ಮನೆಗೆ ಬರ್ತೀನಿ. ಬಸವನಹಳ್ಳಿ ಕೆರೆ ಹತ್ತಿರದ ನಮ್ಮ ಹಂಚಿನ ಮನೆಯಲ್ಲಿ ಅಪ್ಪ ಮಗಳು ಒಂದೇ ಗಿಟಾರನ್ನು ಸರದಿ ಮೇಲೆ ಹಿಡಿದು ಕೂತೆವು. ಈ ಸಲ ಹಠ ಒಂದೇ: ಕಾರ್ಡ್ ಕಲಿತು ಆಮೇಲೆ ಹಾಡಲ್ಲ, ಹಾಡಿಗೆ ಬೇಕಾದಷ್ಟೇ ಕಾರ್ಡ್. ಆದರೆ ಯಾವುದರಿಂದ ಶುರು ಮಾಡೋದು, ಆಮೇಲೆ ಯಾವುದನ್ನು ಸೇರಿಸೋದು? ಹುಡುಕಿದಾಗ ಎರಡು ದಾರಿ ಸಿಕ್ಕವು. ಮೂರನೆಯದು ಮನೆಯಲ್ಲೇ ಸಿಕ್ಕಿತು.

ಅದಕ್ಕೆ ಮೊದಲು ಗಿಟಾರಿನ ಬಗ್ಗೆ ಒಂದು ಮಾತು. ನಾನು ತಂದಿದ್ದ ಗಿಟಾರಿನಲ್ಲಿ 12ನೇ ಫ್ರೆಟ್ (ಕತ್ತಿನ ಮೇಲಿನ ಅಡ್ಡ ಲೋಹದ ಪಟ್ಟಿ) ಹತ್ತಿರ ತಂತಿ 4 ಮಿಲಿಮೀಟರಿಗಿಂತ ಎತ್ತರ ಇತ್ತು. ಅಂಗಡಿಯವರು ಹಾಗೇ ಕೊಟ್ಟಿದ್ದರು, ನನಗೂ ತಿಳಿದಿರಲಿಲ್ಲ. ರಿಪೇರಿ ಮಾಡುವವರ ಹತ್ತಿರ ಒಯ್ದು ಅದನ್ನು ಎರಡೂವರೆಗೆ ಇಳಿಸಿದೆ. 12ರ ಸೆಟ್ ತೆಗೆಸಿ ಸಣ್ಣ ತಂತಿಯ 10ರ ಸೆಟ್ ಹಾಕಿಸಿದೆ. ಅರ್ಧ ನೋವು ಅಲ್ಲೇ ಹೋಯಿತು. ಹೊಸಬರು ದಯವಿಟ್ಟು ಇದನ್ನು ಮೊದಲು ನೋಡಿಸಿ. ತಮ್ಮ ಬೆರಳಿಗೇ ಶಕ್ತಿ ಇಲ್ಲ ಅಂದುಕೊಂಡು ಬಿಟ್ಟವರು ಎಷ್ಟೋ ಜನ ಇರಬೇಕು. ನಮ್ಮ ಮಲೆನಾಡಿನ ತೇವಕ್ಕೆ ಸ್ಟೀಲ್ ತಂತಿ ಬೇಗ ತುಕ್ಕು ಹಿಡಿಯುತ್ತದೆ. ನುಡಿಸಿದ ಮೇಲೆ ಒಣಗಿದ ಹತ್ತಿ ಬಟ್ಟೆಯಲ್ಲಿ ಒರೆಸಿ ಬ್ಯಾಗಿನೊಳಗೆ ಇಡಿ.

ಮೊದಲ ದಾರಿ ನಾನು ಹಿಡಿದದ್ದು: ಎ, ಡಿ, ಇ. ಎ ಮೇಜರ್‌ನಲ್ಲಿ ಹಾಡಿಗೆ ಬೇಕಾದ ಮೂರು ಮುಖ್ಯ ಕಾರ್ಡ್‌ಗಳು ಇವೇ. ಮೊದಲ ವಾರ ಎ ಮತ್ತು ಇ ಎರಡೇ. ಎರಡನೇ ವಾರ ಡಿ ಸೇರಿಸಿದೆ. ಈ ದಾರಿಯ ದೊಡ್ಡ ಲಾಭ, ಹ್ಯಾಪಿ ಬರ್ತ್‌ಡೇ ಹಾಡು ತಕ್ಷಣ ಕೈಗೆ ಬರುತ್ತದೆ. ಎ, ಇ, ಇ, ಎ. ಆಮೇಲೆ ಎ, ಡಿ, ಮತ್ತೆ ಎ, ಇ, ಎ. ಅಷ್ಟೇ ಹಾಡು. ಮೂರು ಎಣಿಕೆ, ನಮ್ಮ ತಿಶ್ರ ನಡೆ. ಶುರುವಿನ ‘ಹ್ಯಾಪಿ’ ಅನ್ನೋದನ್ನು ಬಾಯಲ್ಲಿ ಹೇಳಿ, ‘ಬರ್ತ್’ ಅನ್ನುವಾಗ ಮೊದಲ ಪೆಟ್ಟು ಹಾಕಬೇಕು. ಇದು ತಿಳಿಯದೆ ನಾನು ಎರಡು ದಿನ ತಪ್ಪಾಗಿ ನುಡಿಸಿದೆ. ಈ ಹಾಡು ಕೆಳಗಿನ ಪಂಚಮದಿಂದ ಮೇಲಿನ ಪಂಚಮದವರೆಗೆ ಹೋಗುತ್ತದೆ. ಎ ಮೇಜರ್‌ನಲ್ಲಿ ನನ್ನಂಥ ಗಂಡಸರ ಗಂಟಲಿಗೆ ಅದು ಆರಾಮ. ಮಗಳಿಗೆ ಒಂದು ಕಡೆ ತೀರಾ ಕೆಳಗೆ, ಇನ್ನೊಂದು ಕಡೆ ತೀರಾ ಮೇಲೆ.

ಈ ದಾರಿಯಲ್ಲಿ ಕಷ್ಟವೂ ಇದೆ. ಎ ಕಾರ್ಡಿಗೆ ಮೂರು ಬೆರಳು ಒಂದೇ ಫ್ರೆಟ್ಟಿನೊಳಗೆ ಕೂರಬೇಕು. ನನ್ನ ಬೆರಳು ದಪ್ಪ. ಒಂದು ತಂತಿಯಾದರೂ ಮುಚ್ಚಿಹೋಗುತ್ತಿತ್ತು. ಕೊನೆಗೆ ಬೆರಳಿನ ಜಾಗ ಬದಲಾಯಿಸಿದೆ. ತೋರುಬೆರಳನ್ನು 3ನೇ ತಂತಿಯ ಮೇಲೆ (ಎಣಿಕೆ ಅತಿ ಸಣ್ಣ ತಂತಿಯಿಂದ) ಇಟ್ಟು, ಅದರ ಎರಡೂ ಕಡೆ ನಡುಬೆರಳು, ಉಂಗುರ ಬೆರಳು ಕೂರಿಸಿದೆ. ಡಿ ಕಾರ್ಡ್‌ನಲ್ಲೂ ತೋರುಬೆರಳು ಅದೇ ಜಾಗದಲ್ಲಿರುತ್ತದೆ. ಇ ಕಾರ್ಡಿಗೆ ಅದೇ ತಂತಿಯ ಮೇಲೆ ಒಂದು ಫ್ರೆಟ್ ಹಿಂದಕ್ಕೆ ಜಾರುತ್ತದೆ. ಒಂದು ಬೆರಳು ತಂತಿ ಬಿಡದೆ ಇದ್ದರೆ ಉಳಿದವು ದಾರಿ ಹುಡುಕಿಕೊಳ್ಳುತ್ತವೆ. ಒಂದು ನಿಮಿಷದಲ್ಲಿ ಎಷ್ಟು ಸಲ ಕಾರ್ಡ್ ಬದಲಾಯಿಸಬಹುದು ಅಂತ ಫೋನಿನಲ್ಲಿ ಟೈಮ್ ಇಟ್ಟು ಎಣಿಸುತ್ತಿದ್ದೆ. ಎ ಇಂದ ಡಿ, ಮೊದಲ ದಿನ 9. ಮೂರನೇ ವಾರಕ್ಕೆ 24.

ಎರಡನೇ ದಾರಿ ಮಗಳದ್ದು: ಜಿ, ಸಿ, ಡಿ, ಇ ಮೈನರ್. ಇವತ್ತಿನ ಸಿನಿಮಾ ಹಾಡು ಬೇಕು ಅನ್ನುವ ಮಕ್ಕಳೆಲ್ಲ ಇಲ್ಲೇ ಶುರು ಮಾಡ್ತಾರೆ. ಎಷ್ಟೊಂದು ಹಾಡು ಈ ನಾಲ್ಕರಲ್ಲೇ ಸುತ್ತುತ್ತವೆ. ಆದರೆ ನಾಲ್ಕನ್ನೂ ಒಟ್ಟಿಗೆ ಎದುರಿಗಿಟ್ಟರೆ ಮಕ್ಕಳಿಗೆ ತಲೆ ಕೆಡುತ್ತದೆ. ಜಿ ಇಂದ ಸಿ ಗೆ ಹೋಗುವಾಗ ಮೂರು ಬೆರಳೂ ಒಮ್ಮೆಗೆ ಹಾರಬೇಕು. ಮೊದಲ ಸಂಜೆ ಅವಳಿಗೆ ನಿಮಿಷಕ್ಕೆ 5 ಸಲ ಮಾತ್ರ ಆಯಿತು. ಆಗ ಒಂದು ಉಪಾಯ ಸಿಕ್ಕಿತು. ಉಂಗುರ ಬೆರಳನ್ನು 2ನೇ ತಂತಿಯ 3ನೇ ಫ್ರೆಟ್ಟಿಗೆ, ಕಿರುಬೆರಳನ್ನು 1ನೇ ತಂತಿಯ 3ನೇ ಫ್ರೆಟ್ಟಿಗೆ ಇಟ್ಟುಬಿಡುವುದು. ಇವೆರಡು ಏಳಬಾರದು. ತೋರುಬೆರಳು, ನಡುಬೆರಳು ದಪ್ಪ ತಂತಿಗಳ ಕಡೆ ಓಡಾಡಿದರೆ ಜಿ ಬರುತ್ತದೆ, ಸಿ ಬದಲು ಸಿ ಆಡ್ ನೈನ್ ಬರುತ್ತದೆ, ಇ ಮೈನರ್ ಬದಲು ಇ ಮೈನರ್ ಸೆವೆನ್ ಬರುತ್ತದೆ. ಡಿ ಗೂ ಉಂಗುರ ಬೆರಳು ಅಲ್ಲೇ. ಅದೇ ಸಂಜೆ ಅವಳ ಲೆಕ್ಕ 20ಕ್ಕೆ ಏರಿತು. ಅವಳ ಮುಖ ನೋಡಬೇಕಿತ್ತು ನೀವು.

ಎರಡು ವಾರ ಚೆನ್ನಾಗಿ ನಡೆಯಿತು. ಆಮೇಲೆ ಗೊತ್ತಾಯಿತು, ಆ ಎರಡು ಬೆರಳು ಅಂಟಿಕೊಂಡ ಅಭ್ಯಾಸದಿಂದ ಸಾದಾ ಸಿ ಅವಳಿಗೆ ಬರ್ತಾನೇ ಇಲ್ಲ. ಯಾವ ಹಾಡೂ ಒಂದೇ ಥರ ಕೇಳುತ್ತದೆ, ಎಲ್ಲದರ ಮೇಲೂ ಅದೇ ಎರಡು ಸ್ವರ ಗುಂಯ್‌ಗುಡುತ್ತವೆ. ಕಿವಿಗೆ ಇಂಪೇ. ಆದರೂ ಬೇಗ ಫಲ ಕೊಡುವ ಈ ದಾರಿಗೆ ಒಂದು ತಿಂಗಳಾದ ಮೇಲೆ ಸ್ವಲ್ಪ ಬೆಲೆ ತೆರಬೇಕಾಗುತ್ತದೆ ಅನ್ನೋದು ನನ್ನ ಅನುಭವ.

ಅಷ್ಟರಲ್ಲಿ ಅಮ್ಮ ಬಂದು ಕೂತರು. ಅಮ್ಮ ಚಿಕ್ಕಂದಿನಲ್ಲಿ ಕರ್ನಾಟಕ ಸಂಗೀತ ಕಲಿತವರು. ಆವತ್ತು ಕರೆಂಟ್ ಹೋಗಿತ್ತು, ವಿಡಿಯೋ ನೋಡುವ ಹಾಗಿರಲಿಲ್ಲ. “ನನಗೆ ಗೊತ್ತಿರೋದು ಏನಾದರೂ ನುಡಿಸ್ತೀಯೇನೇ ಪುಟ್ಟಿ?” ಅಂದರು. ಯಾವುದು ಹಾಡ್ತೀರಿ ಅಜ್ಜಿ ಅಂತ ಅವಳು ಕೇಳಿದಾಗ ‘ವರವೀಣಾ’ ಎತ್ತಿಕೊಂಡರು. ಪಾಠದ ಮೊದಲ ವರ್ಷದಲ್ಲೇ ಕಲಿಸುವ ಗೀತೆ, ಮೋಹನ ರಾಗ, ರೂಪಕ ತಾಳ. ಮಗಳು ಜಿ ಯನ್ನೇ ಷಡ್ಜ ಮಾಡಿಕೊಂಡು ಶುರು ಮಾಡಿದಳು. ಚೆನ್ನಾಗಿತ್ತು. ಡಿ ಹಾಕಿದಳು, ಅಮ್ಮ ನಿಲ್ಲಿಸಿದರು. “ಇಲ್ಲಿ ನಿಷಾದ ಎಲ್ಲಿಂದ ಬಂತು?” ಸಿ ಹಾಕಿದಳು. “ಈಗ ಮಧ್ಯಮ ಬಂತಲ್ಲೇ!”

ನಾನು ಕಾಗದ ಪೆನ್ಸಿಲ್ ತಗೊಂಡು ಮೇಣದಬತ್ತಿ ಬೆಳಕಲ್ಲಿ ಬರೆದು ನೋಡಿದೆ. ಮೋಹನದಲ್ಲಿ ಸ, ರಿ, ಗ, ಪ, ದ ಐದೇ ಸ್ವರ. ಮ ಇಲ್ಲ, ನಿ ಇಲ್ಲ. ಡಿ ಕಾರ್ಡ್ ಅಂದರೆ ಜಿ ಷಡ್ಜಕ್ಕೆ ಪ, ನಿ, ರಿ. ಸಿ ಕಾರ್ಡ್ ಅಂದರೆ ಮ, ದ, ಸ. ಅಮ್ಮನ ಕಿವಿ ಸರಿಯಾಗೇ ಹಿಡಿದಿತ್ತು. ಹಾಗಾದರೆ ಈ ಐದು ಸ್ವರದೊಳಗೇ ಪೂರ್ತಿ ಕೂರುವ ಕಾರ್ಡ್ ಎಷ್ಟು? ಮೇಜರ್, ಮೈನರ್ ಎರಡೂ ಸೇರಿ ಎರಡೇ ಎರಡು. ಷಡ್ಜದ ಮೇಜರ್, ಧೈವತದ ಮೈನರ್. ಜಿ ಷಡ್ಜವಾದರೆ ಜಿ ಮತ್ತು ಇ ಮೈನರ್. ಸಿ ಷಡ್ಜವಾದರೆ ಸಿ ಮತ್ತು ಎ ಮೈನರ್. ಎರಡೇ ಕಾರ್ಡಿನ ಹಾಡಿಗಾಗಿ ನಾನು ವಾರಗಟ್ಟಲೆ ಇಂಟರ್‌ನೆಟ್ಟಿನಲ್ಲಿ ಹುಡುಕಿದ್ದೆ. ಅದು ಅಮ್ಮನ ಬಾಯಲ್ಲೇ ಇತ್ತು.

ಮಗಳು ಜಿ, ಇ ಮೈನರ್‌ನಲ್ಲಿ ಮತ್ತೆ ನುಡಿಸಿದಳು. ಈ ಸಲ ಅಮ್ಮ ತಡೆಯಲಿಲ್ಲ, ಆದರೆ ಮೇಲಿನ ಷಡ್ಜದ ಹತ್ತಿರ ಗಂಟಲು ಕೈಕೊಟ್ಟಿತು. “ಐದು ಮನೆ ಶ್ರುತಿ ಈಗ ನನಗೆ ಆಗಲ್ಲ ಕಣೋ. ನಾಲ್ಕು ಮನೆ ಸಾಕು” ಅಂದರು. ಹಾರ್ಮೋನಿಯಂನ ಬಿಳಿ ಮನೆಗಳನ್ನು ಸಿ ಇಂದ ಎಣಿಸಿ ಶ್ರುತಿ ಹೇಳುವ ಲೆಕ್ಕ ಅದು. ನಾಲ್ಕು ಮನೆ ಅಂದರೆ ಎಫ್. ಗೋಡೆಯ ಚಾರ್ಟ್ ಬಿಡಿಸಿದ ಅದೇ ಎಫ್! ಆದರೆ ಈಗ ಕೇಪೋ ಇತ್ತು, ಎಲ್ಲಾ ತಂತಿಗಳನ್ನೂ ಒಂದೇ ಫ್ರೆಟ್ಟಿಗೆ ಅದುಮಿ ಹಿಡಿಯುವ ಕ್ಲಿಪ್. 5ನೇ ಫ್ರೆಟ್ಟಿಗೆ ಕೇಪೋ ಕಚ್ಚಿಸಿ ಸಿ ಕಾರ್ಡ್ ಹಿಡಿದರೆ ಸದ್ದು ಎಫ್‌ನದ್ದು. ಅಲ್ಲಿ ಫ್ರೆಟ್‌ಗಳೂ ಕಿರಿದು. ಸಾಮಾನ್ಯ ಅಳತೆಯ ಗಿಟಾರಿನಲ್ಲಿ ಮೊದಲ ಫ್ರೆಟ್ಟಿನ ಅಗಲ ಸುಮಾರು 36 ಮಿಲಿಮೀಟರ್, 6ನೆಯದು ಸುಮಾರು 27. ಸಿ ಹಿಡಿಯಲು ಬೆರಳನ್ನು ಅಷ್ಟೊಂದು ಚಾಚಬೇಕಿಲ್ಲ.

ಮೂರನೇ ದಾರಿ ಹೀಗೆ ಶುರುವಾಯಿತು: ಸಿ, ಎ ಮೈನರ್. ಇದರ ಚೆಂದ ಏನು ಅಂದರೆ, ಸಿ ಇಂದ ಎ ಮೈನರ್‌ಗೆ ಒಂದೇ ಬೆರಳು ಸರಿಸಿದರೆ ಆಯಿತು. ತೋರುಬೆರಳು, ನಡುಬೆರಳು ಇದ್ದಲ್ಲೇ ಇರುತ್ತವೆ. ಉಂಗುರ ಬೆರಳು 5ನೇ ತಂತಿ ಬಿಟ್ಟು 3ನೇ ತಂತಿಯ 2ನೇ ಫ್ರೆಟ್ಟಿಗೆ ಬರುತ್ತದೆ. ಮೊದಲ ಸಂಜೆಯೇ ನನಗೆ ನಿಮಿಷಕ್ಕೆ 26 ಆಯಿತು. ತಾಳದ ಒಂದು ಆವರ್ತಕ್ಕೆ ಆರು ಅಕ್ಷರ, ಅಂದರೆ ಆರು ಎಣಿಕೆ, ಅಕ್ಷರಕ್ಕೊಂದು ಪೆಟ್ಟು, ಎಲ್ಲಾ ಪೆಟ್ಟೂ ಕೆಳಮುಖ. ಅಮ್ಮ ತೊಡೆ ಮೇಲೆ ತಾಳ ಹಾಕುತ್ತಾ ಹಾಡುತ್ತಿದ್ದರೆ ಯಾವ ಮೆಟ್ರೊನೋಮೂ ಬೇಕಾಗಲಿಲ್ಲ.

ಮುಂದಿನ ಕಾರ್ಡ್‌ಗಳೂ ಇಲ್ಲಿ ಒಂದರಿಂದ ಒಂದು ಹುಟ್ಟುತ್ತವೆ. ಎ ಮೈನರ್‌ನ ಮೂರೂ ಬೆರಳನ್ನು ಆಕಾರ ಕೆಡಿಸದೆ ಒಂದು ತಂತಿ ದಪ್ಪ ತಂತಿಯ ಕಡೆಗೆ ಸರಿಸಿದರೆ ಇ ಮೇಜರ್. ಅದರಲ್ಲಿ ತೋರುಬೆರಳು ಎತ್ತಿದರೆ ಇ ಮೈನರ್. ಸಿ ಹಿಡಿದು, ತೋರುಬೆರಳು ಬಿಡದೆ ಉಳಿದೆರಡನ್ನು ಒಂದು ತಂತಿ ಸಣ್ಣ ತಂತಿಯ ಕಡೆಗೆ ತಂದು ನಾಲ್ಕೇ ತಂತಿ ಮೀಟಿದರೆ ಎಫ್ ಮೇಜರ್ ಸೆವೆನ್. ಆರೂ ತಂತಿ ಅದುಮುವ ಎಫ್ ಬರುವ ತನಕ ಎಷ್ಟೋ ಹಾಡಲ್ಲಿ ಇದೇ ಸಾಕು. ಸಿ ಯ ಬೆರಳುಗಳನ್ನೇ ಅಗಲಿಸಿ ಹೊರಗಿನ ತಂತಿಗಳಿಗೆ ಕಳಿಸಿದರೆ ಜಿ ಸೆವೆನ್. ಸಿ, ಎಫ್ ಮೇಜರ್ ಸೆವೆನ್, ಜಿ ಸೆವೆನ್ ಕೈಗೆ ಬಂದ ದಿನ ಹ್ಯಾಪಿ ಬರ್ತ್‌ಡೇ ಇಲ್ಲೂ ಬಂತು. ಮೊದಲ ದಾರಿಯಲ್ಲಿ ಎರಡೇ ವಾರಕ್ಕೆ ಬಂದಿದ್ದು ಇಲ್ಲಿ ಆರು ವಾರ ತಗೊಂಡಿತು.

ಹಾಗಾಗಿ ಯಾರಾದರೂ ಕೇಳಿದರೆ ನಾನು ಹೀಗೆ ಹೇಳ್ತೀನಿ. ಮುಂದಿನ ತಿಂಗಳು ಮನೆಯಲ್ಲಿ ಮಗುವಿನ ಹುಟ್ಟುಹಬ್ಬ ಇದೆ, ನೀವು ಗಂಡಸರು, ಅಷ್ಟರೊಳಗೆ ಒಂದು ಹಾಡು ಬೇಕು ಅಂದರೆ ಎ, ಡಿ, ಇ ಹಿಡಿಯಿರಿ. ಹದಿಮೂರು ಹದಿನಾಲ್ಕರ ಮಕ್ಕಳು ತಮ್ಮ ಇಷ್ಟದ ಸಿನಿಮಾ ಹಾಡು ಬೇಗ ಬರಲಿಲ್ಲ ಅಂತ ಗಿಟಾರ್ ಬಿಟ್ಟುಬಿಡುವ ಹಾಗಿದ್ದರೆ ಜಿ ದಾರಿಯೇ ಸರಿ. ಎರಡು ಬೆರಳು ಅಂಟಿಸುವ ಉಪಾಯವೂ ಇರಲಿ. ಆದರೆ ಮೂರನೇ ವಾರದಿಂದ ದಿನಕ್ಕೆ ಐದು ನಿಮಿಷ ಸಾದಾ ಸಿ ಮಾಡಿಸಿ. ಉಳಿದವರಿಗೆಲ್ಲ ನನ್ನ ಆಯ್ಕೆ ಸಿ, ಎ ಮೈನರ್. ಮನೆಯಲ್ಲಿ ಹಾಡುವ ಹಿರಿಯರು ಇದ್ದರಂತೂ ಬೇರೆ ಯೋಚನೆಯೇ ಬೇಡ. ಅವರ ಶ್ರುತಿ ಯಾವ ಮನೆ ಅಂತ ಕೇಳಿಕೊಳ್ಳಿ, ಕೇಪೋ ಅದಕ್ಕೆ ತಕ್ಕ ಫ್ರೆಟ್ಟಿಗೆ ಹಾಕಿ. ಒಂದು ಮನೆಗೆ ಕೇಪೋ ಬೇಡ, ಎರಡಕ್ಕೆ 2ನೇ ಫ್ರೆಟ್, ಮೂರಕ್ಕೆ 4, ನಾಲ್ಕಕ್ಕೆ 5, ಐದಕ್ಕೆ 7. ಅರ್ಧ ಮನೆ ಇದ್ದರೆ ಒಂದು ಫ್ರೆಟ್ ಮುಂದೆ. ಮೂರೂವರೆ ಅಂತ ಮಾತ್ರ ಇರಲ್ಲ. ಮೂರು ಮನೆಗೂ ನಾಲ್ಕಕ್ಕೂ ನಡುವೆ ಇರೋದೇ ಒಂದು ಫ್ರೆಟ್.

ಹೊಸ ಕಾರ್ಡ್ ಯಾವಾಗ ಸೇರಿಸಬೇಕು ಅನ್ನೋದಕ್ಕೆ ನಾವು ಇಟ್ಟುಕೊಂಡ ಲೆಕ್ಕ: ಕೈಲಿರುವ ಎರಡು ಕಾರ್ಡ್ ನಿಮಿಷಕ್ಕೆ 30 ಸಲ ಬದಲಾಗಬೇಕು, ಮತ್ತು ಮುಂದೆ ಕಲಿಯುವ ಹಾಡು ಆ ಹೊಸ ಕಾರ್ಡನ್ನು ಕೇಳುತ್ತಿರಬೇಕು. ಎರಡರಲ್ಲಿ ಒಂದು ಮಾತ್ರ ಇದ್ದರೆ ಇನ್ನೂ ಕಾಯುತ್ತೇವೆ.

ಈಗ ಮಗಳಿಗೆ ಸಾದಾ ಸಿ ಬಂದಿದೆ. ನನಗೆ ಡಿ ಮೈನರ್ ಇನ್ನೂ ನಿಮಿಷಕ್ಕೆ 18ರಲ್ಲಿ ನಿಂತಿದೆ. ಅಮ್ಮ ಮುಂದೆ ಮಲಹರಿ ರಾಗದ ಗೀತೆ ಹಾಡ್ತೀನಿ ಅಂದಿದ್ದಾರೆ. ಅದರ ಸ್ವರಗಳಿಗೆ ಯಾವ ಕಾರ್ಡ್ ಕೂರುತ್ತದೆ ಅಂತ ನಿನ್ನೆ ರಾತ್ರಿ ಮಗಳೇ ಕಾಗದ ಪೆನ್ಸಿಲ್ ಹಿಡಿದು ಕೂತಿದ್ದಳು.