ಕಸದ ಗುಡ್ಡದ ಹೊದಿಕೆಗೆ ಹೆಲ್ಪ್ ಸಾಕೇ, ಹೈಡ್ರಸ್ ಬೇಕೇ?

ಮುಂಬೈಯ ಗೋರಾಯಿಯ ಕಸದ ಗುಡ್ಡಕ್ಕೂ ಪುಣೆ ಪಕ್ಕದ ಉರುಳಿ ದೇವಾಚಿಯ ಗುಡ್ಡಕ್ಕೂ ಬೀಳುವ ಮಳೆ ಒಂದೇ ಅಲ್ಲ. ಗುಡ್ಡದ ಮೇಲೆ ಹಾಸುವ ಮಣ್ಣಿನ ಹೊದಿಕೆ ದಾಟಿ ಎಷ್ಟು ನೀರು ಕಸಕ್ಕಿಳಿಯುತ್ತದೆ ಎಂದು ಲೆಕ್ಕ ಹಾಕಲು ಹೆಲ್ಪ್ (HELP), ಹೈಡ್ರಸ್ (HYDRUS) ಎಂಬ ಎರಡು ಸಾಫ್ಟ್‌ವೇರ್ ಇವೆ. ಅವನ್ನೂ ಊರು ನೋಡಿಯೇ ಆರಿಸಬೇಕು.

ಹೆಲ್ಪ್‌ಗೆ ದಿನದ ಮಳೆ, ಉಷ್ಣತೆ, ಪದರಗಳ ವಿವರ ಕೊಟ್ಟರೆ ಹರಿದದ್ದು, ಆವಿಯಾದದ್ದು, ಇಂಗಿದ್ದು ಬೇರೆ ಬೇರೆಯಾಗಿ ಸಿಗುತ್ತದೆ. ನಮ್ಮ ದೇಶದ 2016ರ ಘನತ್ಯಾಜ್ಯ ನಿಯಮ ಹೇಳಿದ ಹೊದಿಕೆ ನೋಡಿ. ತಳದಲ್ಲಿ 60 ಸೆಂ.ಮೀ. ಜೇಡಿಮಣ್ಣು, ಮೇಲೆ 15 ಸೆಂ.ಮೀ. ನೀರು ಬಸಿಯುವ ಪದರ, ಅದರ ಮೇಲೆ 45 ಸೆಂ.ಮೀ. ಗಿಡ ಬೆಳೆಯುವ ಮಣ್ಣು. ನಡುವಿನ ಪದರದಲ್ಲಿ ನೀರು ಪಕ್ಕಕ್ಕೆ ಬಸಿಯುವುದನ್ನು ಹೆಲ್ಪ್ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಹೈಡ್ರಸ್‌ನ ಒಂದೇ ದಿಕ್ಕಿನ ಆವೃತ್ತಿಯಾದ ಹೈಡ್ರಸ್-1ಡಿ ನೋಡುವುದು ಮೇಲೆ-ಕೆಳಗಿನ ಚಲನೆ ಮಾತ್ರ. ಹಾಗಾಗಿ ಮುಂಬೈಗೆ ನನ್ನ ಮತ ಹೆಲ್ಪ್‌ಗೇ. ಒಂದು ಎಚ್ಚರ ಮಾತ್ರ ಇರಲಿ: 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 24 ತಾಸಿಗೆ 944 ಮಿ.ಮೀ. ಸುರಿಯಿತು. ದಿನದ ಲೆಕ್ಕದಲ್ಲಿ ಅಂಥ ಮಳೆಯ ತಾಸು ತಾಸಿನ ರಭಸ ಕಾಣುವುದಿಲ್ಲ.

ಪುಣೆಯಲ್ಲಿ ಬರೀ ದಪ್ಪ ಮಣ್ಣಿನ ಹೊದಿಕೆ ಯೋಚಿಸುತ್ತಿದ್ದರೆ ಹೈಡ್ರಸ್ ಹಿಡಿಯಿರಿ. ಒಣ ತಿಂಗಳಲ್ಲಿ ಮಣ್ಣು ನೀರನ್ನು ಕೆಳಗಿಂದ ಮೇಲಕ್ಕೆ ಎಳೆಯುತ್ತದೆ, ಅಲ್ವಾ? ಮಣ್ಣಿನೊಳಗೆ ನೀರು ಚಲಿಸುವ ಬಗೆ ಹೇಳುವ ರಿಚರ್ಡ್ಸ್ ಸಮೀಕರಣವನ್ನು ಬಿಡಿಸುವ ಹೈಡ್ರಸ್ ಅದನ್ನು ತೋರಿಸುತ್ತದೆ. ಹೆಲ್ಪ್‌ನಲ್ಲಿ ಬೇರಿನ ವಲಯ ದಾಟಿದ ನೀರು ಮತ್ತೆ ಮೇಲೇರುವುದಿಲ್ಲ. ಅದಕ್ಕೇ ಹೀಗೆ ಒಣ ತಿಂಗಳಿರುವ ಕಡೆ ಅದು ಇಂಗುವಿಕೆ ಜಾಸ್ತಿ ತೋರಿಸಿಬಿಡುತ್ತದೆ. ಹೈಡ್ರಸ್-1ಡಿ ಉಚಿತ. ಆದರೆ ಮಣ್ಣು ನೀರು ಹಿಡಿದಿಡುವ ಗುಣವನ್ನು ಲ್ಯಾಬ್‌ನಲ್ಲಿ ಅಳೆಸಲೇಬೇಕು. ಸುಮ್ನೆ ಪುಸ್ತಕದ ಅಂಕಿ ಹಾಕಬೇಡಿ.

ಪುಣೆ ಕಡೆಯದು ನಮ್ಮ ಧಾರವಾಡದ ಕಡೆಯಂಥ ಎರೆಮಣ್ಣು. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಆ ಬಿರುಕು ಎರಡಕ್ಕೂ ತಾನಾಗಿ ತಿಳಿಯದು. ಹಾಗಾಗಿ ಮಣ್ಣು ಎಷ್ಟು ಬೇಗ ನೀರನ್ನು ಒಳಗೆ ಹಾಯಬಿಡುತ್ತದೆ ಎಂಬ ಅಂಕಿಯನ್ನು ಹೆಚ್ಚಿಸಿ ಇನ್ನೊಮ್ಮೆ ಓಡಿಸಿ ನೋಡಿ.